ಅದಿರಿನ ಊರು, ಮಂಜಿನ ಆಟ

ಗಣಿ ಇದ್ದಲ್ಲಿ ಊರು ಹುಟ್ಟುವುದು ಲೋಕದ ರೂಢಿ. ಗಣಿಗೆ ಜಾಗ ಬಿಟ್ಟುಕೊಟ್ಟು ಊರೇ ಎದ್ದು ನಡೆಯುವುದು ಮಾತ್ರ ಅಪರೂಪ. ಅಮೆರಿಕದ ಉತ್ತರದ ಅಂಚಿನಲ್ಲಿರುವ ಮಿನಸೋಟ ರಾಜ್ಯದ ಎವೆಲೆತ್ ಎಂಬ ಪುಟ್ಟ ಊರಿಗೆ ಹುಟ್ಟಿದ ಏಳೇ ವರ್ಷಕ್ಕೆ ಈ ಯೋಗ ಒದಗಿತು. 1893ರಲ್ಲಿ ಪೈನ್ ಕಾಡಿನ ನಡುವೆ ಬೀದಿಗಳನ್ನು ಗುರುತು ಹಾಕಿ, ಮರದ ವ್ಯಾಪಾರಿಯೊಬ್ಬನ ಹೆಸರಿಟ್ಟು ಊರು ಕಟ್ಟಿದರು. ಕಟ್ಟಿದ ಮೇಲೆ ತಿಳಿಯಿತು, ಮನೆಗಳ ಅಡಿಯಲ್ಲೇ ಕಬ್ಬಿಣದ ಅದಿರು ಇದೆಯೆಂದು. 1900ರ ಹೊತ್ತಿಗೆ ಊರು ಒಂದು ಮೈಲಿಯಷ್ಟು ಆಚೆ ಸರಿಯಿತು. ಜನರು ಹೊಸ ಮನೆ ಕಟ್ಟುವ ಗೋಜಿಗೆ ಹೋಗದೆ, ಇದ್ದ ಮರದ ಕಟ್ಟಡಗಳನ್ನೇ ಸಾಗಿಸಿಕೊಂಡು ಹೋದರು.

ಈ ಊರಿರುವ ಬೆಟ್ಟಸಾಲಿನ ಹೆಸರು ಮೆಸಾಬಿ. ಅಲ್ಲಿನ ಮೂಲನಿವಾಸಿಗಳಾದ ಒಜಿಬ್ವೆ ಜನರ ಮಾತಿನಲ್ಲಿ ಅದಕ್ಕೆ ದೈತ್ಯನೆಂದು ಅರ್ಥ. 1854ರ ಒಪ್ಪಂದದಲ್ಲಿ ಆ ನೆಲ ಒಜಿಬ್ವೆಗಳ ಕೈತಪ್ಪಿತು. 1890ರಲ್ಲಿ ಅಲ್ಲಿ ಅದಿರು ದೊರೆಯಿತು. ಮೆತ್ತಗಿನ ಕೆಂಪು ಅದಿರು. ಎಷ್ಟೋ ಕಡೆ ಮೇಲಿನ ಮಣ್ಣು ಸರಿಸಿದರೆ ಸಾಕು, ಉಗಿಯಂತ್ರದ ಸಲಿಕೆಯಿಂದ ಬಾಚಿಕೊಳ್ಳಬಹುದಿತ್ತು. ಅದನ್ನು ಬಾಚಲು ಫಿನ್ಲೆಂಡ್, ಇಟಲಿ, ಸ್ವೀಡನ್, ಸ್ಲೊವೇನಿಯ, ಕ್ರೊಯೇಷಿಯಗಳಿಂದ ಜನ ಬಂದರು. ಒಂದೇ ಬೀದಿಯಲ್ಲಿ ಐದಾರು ಭಾಷೆ, ಆದರೆ ನೆರೆಮನೆಯವನ ಮಾತು ನೆರೆಮನೆಗೆ ತಿಳಿಯದು. 1907ರಲ್ಲಿ ಒಮ್ಮೆ, 1916ರಲ್ಲಿ ಇನ್ನೊಮ್ಮೆ ಈ ಸಾಲಿನ ಕೂಲಿಗಳು ಮುಷ್ಕರ ಹೂಡಿ ಸೋತರು.

ಇಂಥ ಊರಿಗೆ ಹಾಕಿ ಹೇಗೆ ಬಂತು? ನಮ್ಮಲ್ಲಿ ಹಾಕಿ ಎಂದರೆ ಹುಲ್ಲಿನ ಮೈದಾನ ಕಣ್ಣಿಗೆ ಕಟ್ಟುತ್ತದೆ. ಅಲ್ಲಿಯದು ಮಂಜುಗಡ್ಡೆಯ ಮೇಲಿನ ಹಾಕಿ. ಪಾದಕ್ಕೆ ಉಕ್ಕಿನ ಅಲಗಿನ ಸ್ಕೇಟು ಕಟ್ಟಿಕೊಂಡು ಆರಾರು ಜನ ಎದುರುಬದುರಾಗಿ ನಿಂತು, ಚೆಂಡಿನ ಬದಲು ರಬ್ಬರಿನ ಚಪ್ಪಟೆ ಬಿಲ್ಲೆಯೊಂದನ್ನು ಬಾಣದ ವೇಗದಲ್ಲಿ ಹೊಡೆಯುವ ಆಟ. ಗಡಿಯಾಚೆಯ ಕೆನಡದಲ್ಲಿ ಹುಟ್ಟಿದ ಈ ಆಟ 1903ರಷ್ಟು ಹಿಂದೆಯೇ ಎವೆಲೆತ್‌ಗೆ ಬಂದಿತ್ತು. ಅದು ಅಲ್ಲಿ ಬೇರೂರಿದ್ದಕ್ಕೆ ಗಣಿಯ ಲೆಕ್ಕಾಚಾರವೂ ಒಂದು ಕಾರಣ. ಅದಿರು ರೈಲಿನಲ್ಲಿ ಸುಪೀರಿಯರ್ ಸರೋವರದ ಬಂದರಿಗೆ ಹೋಗಿ, ಅಲ್ಲಿಂದ ಹಡಗಿನಲ್ಲಿ ಪೂರ್ವದ ಉಕ್ಕಿನ ಕುಲುಮೆಗಳಿಗೆ ಹೋಗಬೇಕು. ಚಳಿಗಾಲದಲ್ಲಿ ಸರೋವರ ಹೆಪ್ಪುಗಟ್ಟಿದರೆ ಹಡಗಿಲ್ಲ. ಹಡಗಿಲ್ಲದಿದ್ದರೆ ತೆರೆದ ಗಣಿಯಲ್ಲಿ ಎಷ್ಟೋ ಜನಕ್ಕೆ ಕೂಲಿಯಿಲ್ಲ. ಅಪ್ಪನ ಕೆಲಸ ನಿಲ್ಲಿಸಿದ ಅದೇ ಚಳಿ ಮಗನಿಗೆ ಆಟದ ಬಯಲನ್ನು ಹಾಸಿಕೊಡುತ್ತಿತ್ತು.

ಎರಡನೆಯ ಕಾರಣ ತೆರಿಗೆ. ಮೆಸಾಬಿಯ ಪುರಸಭೆಗಳು ಗಣಿ ಕಂಪೆನಿಗಳ ಆಸ್ತಿಯ ಮೇಲೆ ಧಾರಾಳವಾಗಿ ತೆರಿಗೆ ಹಾಕಿದವು. ಕಂಪೆನಿಗಳು ಗೊಣಗದೆ ಇರಲಿಲ್ಲ. ಆದರೆ ಒಮ್ಮೆ ತೆಗೆದ ಅದಿರು ಮತ್ತೆ ಬೆಳೆಯುವುದಿಲ್ಲ, ಹೋಗುವ ಮುಂಚೆ ಅದು ಊರಿಗೆ ಏನಾದರೂ ಕೊಟ್ಟುಹೋಗಲಿ ಎಂಬುದು ಊರವರ ವಾದ. ಆ ಹಣದಿಂದ ಅರಮನೆಯಂಥ ಶಾಲೆಗಳೆದ್ದವು. ಎವೆಲೆತ್‌ನಲ್ಲಿ 1922ರಲ್ಲಿ ಹಿಪ್ಪೊಡ್ರೋಮ್ ಎಂಬ ಒಳಾಂಗಣ ಆಟದ ಮನೆ ತೆರೆಯಿತು. ಕೆಲವು ವರ್ಷ ಅಲ್ಲಿ ಕೆನಡದಿಂದ ಬಂದ ನುರಿತ ಆಟಗಾರರು ಊರ ತಂಡದ ಪರವಾಗಿ ಆಡಿದರು. ಅವರು ಬಂದಂತೆಯೇ ಹೋದರು. ಅವರನ್ನು ನೋಡಿ ಕಲಿತ ಗಣಿ ಕೂಲಿಗಳ ಮಕ್ಕಳು ಉಳಿದರು.

ಆ ಕಾಲದಲ್ಲಿ ಉತ್ತರ ಅಮೆರಿಕದ ದೊಡ್ಡ ಲೀಗೆಂದರೆ ಹೆಚ್ಚುಕಡಿಮೆ ಕೆನಡದವರ ಸೊತ್ತು. ಅಲ್ಲಿಗೆ ಈ ಒಂದೇ ಊರು ಮೂವರು ಗೋಲ್‌ಕೀಪರುಗಳನ್ನು ಕಳಿಸಿತು. ಮೈಕ್ ಕರಾಕಸ್ 1938ರಲ್ಲಿ ಶಿಕಾಗೊ ತಂಡದೊಂದಿಗೆ ಸ್ಟ್ಯಾನ್ಲಿ ಕಪ್ ಗೆದ್ದ. ಮರುವರ್ಷವೇ ಆ ಕಪ್ಪು ಬಾಸ್ಟನ್ನಿಗೆ ಹೋಯಿತು. ಅದರ ಗೋಲು ಕಾದವನು ಸ್ಲೊವೇನಿಯದಿಂದ ವಲಸೆ ಬಂದವರ ಮಗ ಫ್ರಾಂಕ್ ಬ್ರಿಮ್ಸೆಕ್. ಮೊದಲ ಋತುವಿನಲ್ಲೇ 10 ಪಂದ್ಯಗಳಲ್ಲಿ ಒಂದೂ ಗೋಲು ಬಿಡದ ಆತನಿಗೆ ಜನ ‘ಶ್ರೀಮಾನ್ ಸೊನ್ನೆ’ ಎಂಬ ಅಡ್ಡಹೆಸರಿಟ್ಟರು. ಮೂರನೆಯವನು ಸ್ಯಾಮ್ ಲೊಪ್ರೆಸ್ಟಿ. 1941ರ ಮಾರ್ಚ್ 4ರಂದು ಇದೇ ಬಾಸ್ಟನ್ ತಂಡ ಅವನತ್ತ 83 ಬಾರಿ ಬಿಲ್ಲೆ ಹೊಡೆಯಿತು. 80ನ್ನು ಅವನು ತಡೆದ. ಆದರೂ ಅವನ ತಂಡ 3-2ರಿಂದ ಸೋತಿತು. ಮುಂದೆ ಯುದ್ಧಕಾಲದಲ್ಲಿ ಅವನಿದ್ದ ಹಡಗನ್ನು ಶತ್ರುಗಳು ಮುಳುಗಿಸಿದಾಗ, ಪ್ರಾಣರಕ್ಷಕ ದೋಣಿಯಲ್ಲಿ 42 ದಿನ ತೇಲಿ ಬದುಕಿ ಬಂದ. ಸೋಲಿಗೆ ಸುಲಭವಾಗಿ ಬಗ್ಗುವ ಮಣ್ಣಲ್ಲ ಅದು.

ಊರಿನ ಪ್ರೌಢಶಾಲೆಯ ಕಥೆ ಇನ್ನೂ ಸ್ವಾರಸ್ಯದ್ದು. ಕ್ಲಿಫ್ ಥಾಂಪ್ಸನ್ ಎಂಬ ಉಪಾಧ್ಯಾಯರ ತರಬೇತಿಯಲ್ಲಿ ಅಲ್ಲಿನ ಹುಡುಗರು 1945ರ ಮೊದಲ ರಾಜ್ಯ ಪಂದ್ಯಾವಳಿಯನ್ನು ಗೆದ್ದರು. 1948ರಿಂದ 1951ರವರೆಗೆ ಸತತವಾಗಿ ನಾಲ್ಕು ಸಲ ಗೆದ್ದರು. ಆ ನಾಲ್ಕು ವರ್ಷ ಅವರು ಆಡಿದ 69 ಪಂದ್ಯಗಳಲ್ಲಿ ಒಂದನ್ನೂ ಸೋಲಲಿಲ್ಲ. ಆ ತಂಡದ ಕಣ್ಮಣಿ ಜಾನ್ ಮಯಾಸಿಚ್. 1956ರ ಒಲಿಂಪಿಕ್ಸಿನಲ್ಲಿ ಅಮೆರಿಕ ಕೆನಡವನ್ನು 4-1ರಿಂದ ಸೋಲಿಸಿದಾಗ ಮೂರು ಗೋಲು ಅವನದೇ. ಅಂದು ಬೆಳ್ಳಿ ಪದಕ ಗಳಿಸಿದ ತಂಡದಲ್ಲಿ ಎವೆಲೆತ್‌ನ ಇನ್ನಿಬ್ಬರಿದ್ದರು. ತರಬೇತುದಾರ ಜಾನ್ ಮರಿಯುಚ್ಚಿ ಕೂಡ ಅದೇ ಊರಿನವನೇ. ಹೊರಗಿನಿಂದ ಆಟಗಾರರನ್ನು ತರಿಸುವುದಕ್ಕಿಂತ ನಮ್ಮ ಹುಡುಗರನ್ನೇ ಬೆಳೆಸೋಣ ಎಂದು ಮಿನಸೋಟ ವಿಶ್ವವಿದ್ಯಾನಿಲಯದಲ್ಲಿ ಹಟ ಹಿಡಿದವನು ಈತ. ಇಟಲಿಯಿಂದ ಬಂದವರ ಮಗನಾದ ಅವನ ಹೆಸರನ್ನೇ ಅಲ್ಲಿನ ಆಟದ ಮನೆ ಇಂದಿಗೂ ಹೊತ್ತಿದೆ. 1960ರಲ್ಲಿ ಅಮೆರಿಕ ಚಿನ್ನ ಗೆದ್ದಾಗಲೂ ಮಯಾಸಿಚ್ ತಂಡದಲ್ಲಿದ್ದ. 1980ರಲ್ಲಿ ಬಲಾಢ್ಯ ಸೋವಿಯತ್ ತಂಡವನ್ನು 4-3ರಿಂದ ಸೋಲಿಸಿದ ಕೊನೆಯ ಗೋಲಿಗೆ ಬಿಲ್ಲೆ ದಾಟಿಸಿಕೊಟ್ಟವನು ಎವೆಲೆತ್‌ನ ಮಾರ್ಕ್ ಪಾವೆಲಿಚ್.

ಊರಿನ ಹೆಸರು ಹೊರಗೆ ಬೆಳೆಯುತ್ತಿದ್ದಂತೆ ಒಳಗೆ ನೆಲ ಬರಿದಾಗುತ್ತಿತ್ತು. ಎರಡನೆಯ ಮಹಾಯುದ್ಧದ ಟ್ಯಾಂಕು, ಹಡಗುಗಳಿಗೆ ಮೆಸಾಬಿ ತನ್ನ ಒಳ್ಳೆಯ ಅದಿರನ್ನು ಧಾರೆಯೆರೆದಿತ್ತು. ಉಳಿದದ್ದು ಟ್ಯಾಕೊನೈಟ್ ಎಂಬ ಗಡುಸಾದ, ಕಬ್ಬಿಣ ಕಡಿಮೆಯಿರುವ ಕಲ್ಲು. ಅದನ್ನು ಹಿಟ್ಟು ಮಾಡಿ, ಅಯಸ್ಕಾಂತದಿಂದ ಕಬ್ಬಿಣ ಸೆಳೆದು, ಉಂಡೆ ಕಟ್ಟಿ ಸುಡುವ ವಿಧಾನವೇನೋ ಬಂತು. ಆದರೆ ಯಂತ್ರಗಳು ಹೆಚ್ಚಿದಂತೆ ಕೈಗಳು ಕಡಿಮೆ ಸಾಕಾದವು. 1930ರಲ್ಲಿ ಏಳೂವರೆ ಸಾವಿರದಷ್ಟಿದ್ದ ಜನ 2020ರ ಹೊತ್ತಿಗೆ ಮೂರೂವರೆ ಸಾವಿರಕ್ಕೆ ಇಳಿದರು.

ಊರು ತನ್ನ ನೆನಪನ್ನೇ ಆಸರೆಯಾಗಿ ಹಿಡಿಯಿತು. 1973ರಲ್ಲಿ ಅಮೆರಿಕದ ಹಾಕಿ ಕಲಿಗಳ ಸ್ಮಾರಕ ಸಂಗ್ರಹಾಲಯವನ್ನು ಅಲ್ಲಿ ತೆರೆದರು. ಪೇಟೆಯ ನಡುವೆ 110 ಅಡಿ ಉದ್ದದ ಹಾಕಿ ಕೋಲೊಂದನ್ನು ನಿಲ್ಲಿಸಿದರು. ಆದರೆ ಸ್ಮಾರಕದಿಂದ ತಂಡ ಹುಟ್ಟುವುದಿಲ್ಲ. ತಂಡಕ್ಕೆ ಮಕ್ಕಳು ಬೇಕು. ಮಕ್ಕಳು ಸಾಲದೆ ಮೊದಲು ಪಕ್ಕದ ಗಿಲ್ಬರ್ಟ್ ಊರಿನೊಂದಿಗೆ ಶಾಲೆ ಕೂಡಿತು. 2020ರಲ್ಲಿ, ತಲೆಮಾರುಗಳ ಎದುರಾಳಿಯಾಗಿದ್ದ ವರ್ಜೀನಿಯ ಎಂಬ ಊರಿನ ಶಾಲಾ ಜಿಲ್ಲೆಯೊಂದಿಗೂ ಕೂಡಿಕೊಂಡಿತು. 69 ಪಂದ್ಯ ಸೋಲದ ಶಾಲೆಯ ಹೆಸರು ಈಗ ದಾಖಲೆಯಲ್ಲಿ ಮಾತ್ರ ಇದೆ.

ಹಳಬರಿಗೆ ಇದು ನೋವಿನ ಸಂಗತಿಯೇ ಸರಿ. ಆದರೆ ಫಿನ್ನನ ಮಗ, ಇಟಲಿಯವನ ಮಗ, ಸ್ಲೊವೇನಿಯದವನ ಮಗ ಒಂದೇ ಅಂಗಿ ತೊಟ್ಟು ನಿಂತಾಗಲೇ ಅಲ್ಲವೆ ಆ ಊರಿನ ಆಟ ಹುಟ್ಟಿದ್ದು? ಇಂದು ನಿನ್ನೆಯ ಎದುರಾಳಿಗಳ ಮೊಮ್ಮಕ್ಕಳು ಒಂದೇ ಅಂಗಿ ತೊಟ್ಟಿದ್ದಾರೆ. ಊರನ್ನೇ ಒಂದು ಮೈಲಿ ಹೊತ್ತು ನಡೆದವರ ಮೊಮ್ಮಕ್ಕಳಿಗೆ ಇದು ಅಷ್ಟೇನೂ ದೂರದ ನಡಿಗೆಯಲ್ಲ.