ವೇತನ ಬಾಕಿ ವಸೂಲಿ (ಭಾರತ)

ದುಡಿಸಿಕೊಂಡವರು ಕೊಡದೆ ಉಳಿಸಿಕೊಂಡ ಸಂಬಳ ಅಥವಾ ಕೂಲಿಯನ್ನು ಕಾನೂನಿನ ಮೂಲಕ ಪಡೆಯುವ ಕ್ರಮ. ಭಾರತದಲ್ಲಿ ಇದರ ಚರಿತ್ರೆಯನ್ನು 1936ರ ವೇತನ ಪಾವತಿ ಕಾಯ್ದೆಯಿಂದ ಆರಂಭಿಸುವುದು ರೂಢಿ. ಅದಕ್ಕೂ ಹಿಂದಿನ ಮುಕ್ಕಾಲು ಶತಮಾನ ಹೀಗೆ ಮರೆಗೆ ಸರಿಯುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರವು ಸಂಬಳ ಕೊಡದವನಿಗೆ ಹತ್ತನೆಯ ಒಂದು ಪಾಲು ಇಲ್ಲವೇ 6 ಪಣ ದಂಡ ವಿಧಿಸುತ್ತದೆ. ಆದರೆ ಶಾಸ್ತ್ರದಲ್ಲಿ ಬರೆದದ್ದೆಲ್ಲ ಆಚರಣೆಯಲ್ಲಿತ್ತು ಎನ್ನಲಾಗದು.

ಬ್ರಿಟಿಷ್ ಆಡಳಿತ ಮೊದಲು ಕಾಪಾಡಿದ್ದು ಮಾಲೀಕರ ಹಣವನ್ನು. ಕಲ್ಕತ್ತೆಯ ವರ್ತಕರ ಒತ್ತಾಯದಿಂದ ಬಂದ 1859ರ 13ನೆಯ ಕಾಯ್ದೆಯ ಪ್ರಕಾರ, ಮುಂಗಡ ಪಡೆದು ಕೆಲಸ ಬಿಟ್ಟವನನ್ನು ಮ್ಯಾಜಿಸ್ಟ್ರೇಟರು 3 ತಿಂಗಳವರೆಗೆ ಜೈಲಿಗೆ ಕಳುಹಿಸಬಹುದಿತ್ತು. ಸಂಬಳ ಕೊಡದ ಮಾಲೀಕನಿಗೆ ಅಂಥ ಶಿಕ್ಷೆ ಇರಲಿಲ್ಲ. 1926ರಲ್ಲಿ ಈ ಕಾಯ್ದೆ ಹೋದರೂ ಕೊಡಗಿನ ತೋಟಗಳಲ್ಲಿ ಅದೇ ವರ್ಷದ ಕೊಡಗು ಕಾರ್ಮಿಕ ಕಾಯ್ದೆ ಅದೇ ಧೋರಣೆಯನ್ನು ಕೆಲಕಾಲ ಮುಂದುವರಿಸಿತು.

1860ರ ಮಾಲೀಕ–ಕಾರ್ಮಿಕ ವ್ಯಾಜ್ಯ ಕಾಯ್ದೆಯನ್ನು ಹಲವು ಪಠ್ಯಗಳು ಕೈಗಾರಿಕಾ ಸಂಧಾನದ ಮೊದಲ ಹೆಜ್ಜೆ ಎಂದು ಹೊಗಳಿವೆ. ರೈಲು ನಿರ್ಮಾಣದ ದಾಖಲೆಗಳನ್ನು ಶೋಧಿಸಿದ ಇತಿಹಾಸಕಾರ ಇಯಾನ್ ಕೆರ್ ಅವರ ಬರಹಗಳಿಂದ ಬೇರೆಯೇ ಹಿನ್ನೆಲೆ ತಿಳಿಯುತ್ತದೆ. 1859ರ ಜನವರಿಯಲ್ಲಿ ಬೊಂಬಾಯಿ–ಪುಣೆ ನಡುವಿನ ಭೋರ್ ಘಾಟ್‌ನಲ್ಲಿ, ಬಟವಾಡೆಯಾಗದ ಕೂಲಿಗಾಗಿ ರೈಲುಮಾರ್ಗದ ಕೆಲಸಗಾರರು ದಂಗೆ ಎದ್ದರು. ಮುಖ್ಯ ಗುತ್ತಿಗೆದಾರನಿಗೂ ಕೂಲಿಯವರಿಗೂ ನಡುವೆ ಉಪಗುತ್ತಿಗೆದಾರರಿದ್ದರು. ಮರುವರ್ಷದ ಕಾಯ್ದೆ ರೈಲು, ಕಾಲುವೆ ಮೊದಲಾದ ಸಾರ್ವಜನಿಕ ಕಾಮಗಾರಿಗಳ ಕೂಲಿ ವ್ಯಾಜ್ಯವನ್ನು ಬೇಗ ತೀರ್ಮಾನಿಸುವ ಅಧಿಕಾರವನ್ನು ಮ್ಯಾಜಿಸ್ಟ್ರೇಟರಿಗೆ ಕೊಟ್ಟಿತು. ಜೊತೆಗೆ, ಕರಾರು ಮುರಿದ ಕೆಲಸಗಾರನನ್ನು ಶಿಕ್ಷಿಸುವ ಅಧಿಕಾರವನ್ನೂ ಕೊಟ್ಟಿತು. ಸಂಧಾನ ಎಂಬ ಮಾತು ಇದಕ್ಕೆ ಹೊಂದುವುದಿಲ್ಲ. 1932ರಲ್ಲಿ ಈ ಕಾಯ್ದೆ ರದ್ದಾಯಿತು.

ಕಾರ್ಮಿಕರ ಸ್ಥಿತಿಗತಿ ಪರಿಶೀಲಿಸಿದ ವಿಟ್ಲಿ ಆಯೋಗದ 1931ರ ವರದಿಯ ಬಳಿಕ 1936ರ ಕಾಯ್ದೆ ಬಂತು. ಸಾವಿರಕ್ಕಿಂತ ಕಡಿಮೆ ಜನರಿರುವಲ್ಲಿ 7ನೆಯ ದಿನದೊಳಗೆ, ಉಳಿದೆಡೆ 10ನೆಯ ದಿನದೊಳಗೆ ಬಟವಾಡೆ ಮಾಡಬೇಕೆಂದಿತು. ತಿಂಗಳಿಗೆ 200 ರೂಪಾಯಿಗಿಂತ ಕಡಿಮೆ ಪಡೆಯುವವರಿಗೆ ಮಾತ್ರ ಅದು ಅನ್ವಯಿಸುತ್ತಿತ್ತು. 2017ರ ಹೊತ್ತಿಗೆ ಈ ಮಿತಿ 24,000ಕ್ಕೆ ಏರಿತು. 1948ರಲ್ಲಿ ಕನಿಷ್ಠ ವೇತನ ಕಾಯ್ದೆ ಸೇರಿಕೊಂಡಿತು.

ಸ್ವಾತಂತ್ರ್ಯಾನಂತರದ ನಿಜವಾದ ಜಗಳ ಯಾವ ಕಚೇರಿಗೆ ಹೋಗಬೇಕೆಂಬುದರ ಬಗ್ಗೆ. ಮಾಲೀಕ ಒಪ್ಪಿದ ಸಂಬಳ ಬಾಕಿಯಿದ್ದರೆ ಲೆಕ್ಕ ಸುಲಭ. ‘ನನಗೆ ಸಲ್ಲಬೇಕಾದದ್ದು ಇದಕ್ಕಿಂತ ಹೆಚ್ಚು’ ಎಂದರೆ ತೊಡಕು. ದರ್ಜೆ ಏರಿದ್ದರೆ ಸಿಗುತ್ತಿದ್ದ ವೇತನವನ್ನು 1936ರ ಕಾಯ್ದೆಯಡಿ ದೂರು ಕೇಳುವ ಪ್ರಾಧಿಕಾರ ಕೊಡಿಸಲಾಗದೆಂದು ಸುಪ್ರೀಂ ಕೋರ್ಟ್ 1955ರ ಡಿಕೋಸ್ಟಾ ಪ್ರಕರಣದಲ್ಲಿ ಹೇಳಿತು. ಕೈಗಾರಿಕಾ ವಿವಾದ ಕಾಯ್ದೆಯ 33–ಸಿ ಕಲಮು ಬಾಕಿಯನ್ನು ಭೂಕಂದಾಯದಂತೆ ವಸೂಲು ಮಾಡಿಸುವ ದಾರಿ ತೆರೆಯಿತು. ಅದರ ವ್ಯಾಪ್ತಿಯನ್ನು 1963ರ ರಾಜಗೋಪಾಲನ್ ತೀರ್ಪು ಹಿಗ್ಗಿಸಿತು. 1995ರ ಗಣೇಶ್ ರಜಾಕ್ ತೀರ್ಪು, ಮೊದಲೇ ಇತ್ಯರ್ಥವಾದ ಹಕ್ಕಿನ ಲೆಕ್ಕವನ್ನಷ್ಟೇ ಇಲ್ಲಿ ಹಾಕಬಹುದೆಂದು ಕುಗ್ಗಿಸಿತು. ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆಯುವುದರಲ್ಲೇ ವರ್ಷಗಳು ಕಳೆಯಲು ಇದೂ ಒಂದು ಕಾರಣ.

ಗುತ್ತಿಗೆದಾರ ಕೈಯೆತ್ತಿದರೆ ಮೂಲ ಮಾಲೀಕನೇ ಕೂಲಿ ತೆರಬೇಕೆಂದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ ವಿಧಿಸಿತು. ಏಷ್ಯನ್ ಕ್ರೀಡಾಕೂಟದ ಕಾಮಗಾರಿ ಪ್ರಕರಣದಲ್ಲಿ (1982) ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದು ಸಂವಿಧಾನದ 23ನೆಯ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಎಂದು ಸುಪ್ರೀಂ ಕೋರ್ಟ್ ಘೋಷಿಸಿತು. ಆದರೂ 2020ರ ಡಿಸೆಂಬರ್ 12ರಂದು ಕೋಲಾರ ಜಿಲ್ಲೆಯ ನರಸಾಪುರದ ಐಫೋನ್ ಕಾರ್ಖಾನೆಯಲ್ಲಿ ವೇತನದ ದೂರಿನಿಂದಲೇ ದಾಂಧಲೆ ನಡೆಯಿತು. ಆಗ ಅಲ್ಲಿನ ಬಹುಪಾಲು ಕೆಲಸಗಾರರು ಗುತ್ತಿಗೆಯವರಾಗಿದ್ದರು. ಅದೇ ವರ್ಷ ಕರ್ನಾಟಕ ಸರ್ಕಾರ ತುಟ್ಟಿಭತ್ಯೆಯನ್ನು ಮುಂದೂಡಿದ್ದಕ್ಕೆ ಹೈಕೋರ್ಟ್ ತಡೆ ನೀಡಿದರೂ, ಹಲವು ಗಾರ್ಮೆಂಟ್ಸ್ ಕಾರ್ಖಾನೆಗಳು ಬಾಕಿ ತೀರಿಸಿದ್ದು 2022ರಲ್ಲಿ.

2019ರ ವೇತನ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂತು. ಕೆಲಸ ಬಿಟ್ಟವರಿಗೆ ಅಥವಾ ವಜಾ ಆದವರಿಗೆ 2 ಕೆಲಸದ ದಿನಗಳಲ್ಲಿ ಲೆಕ್ಕ ಚುಕ್ತಾ ಆಗಬೇಕು. ಅರ್ಜಿ ಹಾಕಲು 3 ವರ್ಷ ಕಾಲಾವಕಾಶವಿದೆ. ಸಂಬಳ ಕೊಟ್ಟಿದ್ದೇನೆಂದು ರುಜುವಾತು ಮಾಡುವ ಹೊಣೆ ಈಗ ಮಾಲೀಕನದು. ಆತನ ಕೈಕೆಳಗೆ ದುಡಿದದ್ದನ್ನು ತೋರಿಸುವ ಹೊಣೆ ಮಾತ್ರ ದುಡಿದವನ ಮೇಲೆಯೇ ಉಳಿದಿದೆ.