ಆಗಪೆ

ಗ್ರೀಕರಲ್ಲಿ ಪ್ರೇಮವನ್ನು ಸೂಚಿಸುತ್ತಿದ್ದ 'ಅಗಾಪೆ' ಎಂಬ ಶಬ್ದವು, ಆದಿಕಾಲದ ಕ್ರೈಸ್ತರು ಧನಿಕ-ದರಿದ್ರರೆಂಬ ಭೇದವನ್ನೆಣಿಸದೆ ಒಡನೆ ಕುಳಿತು ಉಣ್ಣಬೇಕೆಂದು ಬಯಸಿದ ಪ್ರೀತಿಭೋಜನಕ್ಕೂ ಹೆಸರಾಗಿ, ಲ್ಯಾಟಿನ್ನಿನ ಮಾರ್ಗವಾಗಿ ಇಟಾಲಿಯನ್ ಭಾಷೆಯನ್ನು ಸೇರಿ, ಅಲ್ಲಿ ಮೊದಲ ಅಕ್ಷರದ ಮೇಲೆ ಒತ್ತು ಪಡೆದು 'ಆಗಪೆ' ಎನಿಸಿತು. ಪಂಕ್ತಿಯ ಸಮತೆ ಅಂದೂ ಸುಲಭವಾಗಿರಲಿಲ್ಲ. ಕೊರಿಂಥದ ಸಭೆಯಲ್ಲಿ ಒಬ್ಬನು ಹಸಿದಿರಲು ಮತ್ತೊಬ್ಬನು ಕುಡಿದು ಮತ್ತನಾಗುವುದನ್ನು ಸಂತ ಪೌಲನು ಖಂಡಿಸಿದನು.

ಈ ಪದವನ್ನು ಇಂದಿಗೂ ಬಾಳಿಸುತ್ತಿರುವವರಲ್ಲಿ ಇಟಲಿಯ ಪಿಯೆಮೊಂತೆ ಕಣಿವೆಗಳ ವಾಲ್ಡೆನ್ಸಿಯನ್ನರೆಂಬ ಕ್ರೈಸ್ತಪಂಥದವರು ನನಗೆ ವಿಶೇಷವಾಗಿ ಆದರಣೀಯರು. ಶತಮಾನಗಳ ಕಾಲ ಧರ್ಮಪೀಡನೆಯನ್ನು ಸಹಿಸಿದ ಆ ಜನಕ್ಕೆ ಆ ನಾಡಿನ ಅರಸನಾದ ಕಾರ್ಲೊ ಅಲ್ಬೆರ್ತೊ 1848ರ ಫೆಬ್ರುವರಿ 17ರಂದು ಪೌರಹಕ್ಕುಗಳನ್ನು ದಯಪಾಲಿಸಿದನಾಗಿ, ಅವರು ವರ್ಷವರ್ಷವೂ ಮುನ್ನಾಸಂಜೆ ಬೆಟ್ಟಗಳ ಮೇಲೆ ಬೆಂಕಿಯುರಿಸಿ, ಮರುದಿನ ಆರಾಧನೆಯಾದ ಬಳಿಕ ಸಭೆಯೆಲ್ಲವೂ ಕೂಡಿ ಉಣ್ಣುವರು. ಆ ಊಟವೇ ಆಗಪೆ. ಬಡತನದಿಂದ ಕಡಲು ದಾಟಿ, 1858ರಲ್ಲಿ ಉರುಗ್ವೆಯ ಕೊಲೊನಿಯ ವಾಲ್ದೆನ್ಸೆಯನ್ನೂ 1893ರಲ್ಲಿ ಅಮೆರಿಕದ ಉತ್ತರ ಕ್ಯಾರೊಲಿನದ ವಾಲ್ಡೀಸ್ ಪಟ್ಟಣವನ್ನೂ ಕಟ್ಟಿದವರು ಈ ಆಚರಣೆಯನ್ನು ಸಂಗಡವೇ ಒಯ್ದರು.

ಕಣಿವೆಯ ಮನೆಗಳ ಹಬ್ಬದಡುಗೆ 'ಸೂಪ ಬಾರ್ಬೆತ್ತ': ಗರಿಗರಿಯಾದ ರೊಟ್ಟಿಕಡ್ಡಿಗಳನ್ನೂ ಗಿಣ್ಣನ್ನೂ ಪದರಪದರವಾಗಿಟ್ಟು ಮಾಂಸದ ಸಾರೆರೆದು ಬೇಯಿಸುವುದು. 'ಬಾರ್ಬೆತ್' ಎಂಬುದು ವಾಲ್ಡೆನ್ಸಿಯನ್ನರಿಗೆ ಹೊರಗಿನವರಿಟ್ಟ ಅಡ್ಡಹೆಸರು. ಅದರ ಮೂಲವಾದ 'ಬಾರ್ಬ' ಎಂಬುದಕ್ಕೆ ಅಲ್ಲಿಯ ನುಡಿಯಲ್ಲಿ ಮಾಮನೆಂದರ್ಥ, ತಮ್ಮ ಉಪದೇಶಕರನ್ನು ಅವರು ಕರೆಯುತ್ತಿದ್ದುದೂ ಹಾಗೆಯೇ.