ಟಾರ್ಪಾಲು

ಕಣದ ರಾಶಿಗೂ ಲಾರಿಯ ಸರಕಿಗೂ ಮಳೆ ತಾಗದಂತೆ ಹೊದಿಸುವ ಹಾಸನ್ನು ಸೂಚಿಸುವ ಟಾರ್ಪಾಲು ಎಂಬ ಪದವು ಇಂಗ್ಲಿಷಿನ ಟಾರ್ಪಾಲಿನ್‌ನಿಂದ ಬಂದ ಎರವಲಾಗಿದ್ದು, ಮೂಲಪದವನ್ನು ಸಾಮಾನ್ಯವಾಗಿ ಟಾರ್ ಮತ್ತು ಪಾಲ್, ಎಂದರೆ ಹೊದಿಸುವ ದಪ್ಪ ಬಟ್ಟೆ, ಎಂದು ಬಿಡಿಸಲಾಗುತ್ತದೆ. ಈ ಟಾರು ಕನ್ನಡಿಗರಿಗೆ ಪರಿಚಿತವಾದ ರಸ್ತೆಯ ಟಾರಲ್ಲ. ಪೈನ್ ಮರವನ್ನು ಹೆಚ್ಚು ಗಾಳಿಯಾಡದಂತೆ ನಿಧಾನವಾಗಿ ಸುಟ್ಟು ಇಳಿಸಿದ ಕಂದುಗಪ್ಪು ಅಂಟುದ್ರವ. ಹಾಯಿಹಡಗಿನ ನಾವಿಕರು ಅದನ್ನು ಕ್ಯಾನ್ವಾಸಿಗೆ ಬಳಿದಾಗ ನೂಲುಗಳ ನಡುವಿನ ಸಂದುಗಳು ಮುಚ್ಚಿಕೊಂಡು ನೀರು ಒಳಗಿಳಿಯದೆ ಮೇಲಿಂದಲೇ ಜಾರುತ್ತಿತ್ತು. ಅಂಥ ಬಟ್ಟೆಯ ಉಡುಪನ್ನೂ ಅವರು ತೊಡುತ್ತಿದ್ದುದರಿಂದ ಪದವು ನಾವಿಕನಿಗೇ ಅಂಟಿತು. 17ನೆಯ ಶತಮಾನದ ಇಂಗ್ಲೆಂಡಿನ ನೌಕಾಪಡೆಯಲ್ಲಿ ಕುಲೀನ ಮನೆತನದ ಕಪ್ತಾನರಿಂದ ಪ್ರತ್ಯೇಕಿಸಿ, ಹಡಗಿನಲ್ಲೇ ದುಡಿದು ಮೇಲೇರಿದವರನ್ನು ಟಾರ್ಪಾಲಿನ್ ಎಂದೇ ಕರೆಯುತ್ತಿದ್ದರು.

ಹಿಂದಿಯಲ್ಲಿ ಇದು ತಿರ್ಪಾಲ್. ಉತ್ತರ ಕರ್ನಾಟಕದಲ್ಲಿ, ಮರಾಠಿಯಲ್ಲಿರುವಂತೆಯೇ, ತಾಡಪತ್ರಿ ಎಂಬ ರೂಪ ರೂಢಿಯಲ್ಲಿದ್ದು, ತಾಳೆಗರಿ ಎಂಬರ್ಥದ ತಾಡಪತ್ರವನ್ನು ಅದು ನೆನಪಿಸಿದರೂ, ಕಿವಿಗೆ ಹೊಸದಾದ ಪದವನ್ನು ಜನರು ತಿಳಿದ ಪದದ ಅಚ್ಚಿಗೆ ಒಗ್ಗಿಸಿಕೊಂಡರೆಂದು ಭಾವಿಸುವುದೇ ಹೆಚ್ಚು ಸಮಂಜಸವಾಗಿ ತೋರುತ್ತದೆ.

ಇಂದಿನ ಅಗ್ಗದ ಟಾರ್ಪಾಲಿನಲ್ಲಿ ಟಾರೂ ಇಲ್ಲ, ಬಟ್ಟೆಯೂ ಇಲ್ಲ. ಪಾಲಿಥೀನಿನ ಕಿರುಪಟ್ಟಿಗಳನ್ನು ಹಾಸುಹೊಕ್ಕಾಗಿ ನೇಯ್ದು, ಎರಡೂ ಬದಿಗೆ ಅದೇ ಜಾತಿಯ ತೆಳುಪದರವನ್ನು ಬೆಸೆದು, ಮಡಿಸಿದ ಅಂಚಿನಲ್ಲಿ ಹಗ್ಗ ಕಟ್ಟಲು ಲೋಹದ ಬಳೆಗಳನ್ನು ಕೂರಿಸಲಾಗಿರುತ್ತದೆ. ನೀರನ್ನು ತಡೆಯುವುದು ನೇಯ್ಗೆಯಲ್ಲ, ಮೇಲಿನ ಪದರವಾದ್ದರಿಂದ, ಬಿಸಿಲಿಗೆ ಅದು ಸಿಪ್ಪೆಯೆದ್ದ ಮೇಲೆ ಹಾಸು ಹರಿಯದಿದ್ದರೂ ಸೋರತೊಡಗುತ್ತದೆ.